ಎರಡು ವಾರ್ಡುಗಳ ನಡುವಿನ ಬಚ್ಚಲುಮನೆ

ನಿಮ್ಮ ಮನೆಯಲ್ಲಿ ಎಷ್ಟು ಜನ ಎಂದು ಯಾರಾದರೂ ಕೇಳಿದರೆ ನನಗೆ ಈ ವಯಸ್ಸಿನಲ್ಲೂ ತಟ್ಟನೆ ಉತ್ತರ ಬರುವುದಿಲ್ಲ. ಮೊನ್ನೆ ಮತದಾರರ ಪಟ್ಟಿಯ ಹುಡುಗಿ ಮೊಬೈಲು ಹಿಡಿದುಕೊಂಡು ಬಾಗಿಲಲ್ಲಿ ನಿಂತು ಇದೇ ಪ್ರಶ್ನೆ ಕೇಳಿದಳು. ನಾನು ಒಳಗೆ ಹೋಗಿ, ಒಂದು ಲೋಟ ನೀರು ಕುಡಿದು, ಆಮೇಲೆ ಬಂದು ಹೇಳಿದೆ. ಪಾಪ, ಈ ಹೆಂಗಸಿಗೆ ಮರೆವು ಅಂದುಕೊಂಡಿರಬೇಕು. ಮರೆವು ನನಗಿಲ್ಲ. ಇರುವುದು ಇನ್ನೊಂದು ಚಾಳಿ: ಕೂತಲ್ಲಿ ಕೂರಲಾರೆ. ತಟ್ಟೆ ಹಿಡಿದು ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಜಗಲಿಗೆ ಓಡಾಡುತ್ತಲೇ ಊಟ ಮುಗಿಸುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ನಮ್ಮ ಮನೆಯವರು ಹಂಗಿಸುತ್ತಾರೆ. ಹುಟ್ಟಿದಾಗ ಕಟ್ಟಿಕೊಂಡಿದ್ದಲ್ಲ ಅದು. ಮಂಡ್ಯದ ನಮ್ಮ ಹಳೇ ಮನೆಯಲ್ಲಿ, ನಡುಮನೆಗೆ ಅಡ್ಡಲಾಗಿ ಗೋಡೆ ಎದ್ದ ಮೇಲೆ ಕಟ್ಟಿಕೊಂಡದ್ದು.

ಆ ಮನೆಗೆ ಎರಡು ಮುಖ. ಗುತ್ತಲಿನ ಕಡೆ ಹೋಗುವ ಬೀದಿಗೆ ಮುಂಬಾಗಿಲು, ಗ್ಯಾರೇಜುಗಳ ಬೀದಿಗೆ ಹಿಂಬಾಗಿಲು, ನಡುವೆ ರೈಲುಡಬ್ಬಿಯ ಹಾಗೆ ಒಂದರ ಹಿಂದೆ ಒಂದು ಕೋಣೆ. ಅಪ್ಪ ಲೈನ್‌ಮನ್, ಕರೆಂಟು ಕಂಬ ಹತ್ತುವ ಕೆಲಸ. ಚಿಕ್ಕಪ್ಪ ಶಿವಲಿಂಗನದು ವೆಲ್ಡಿಂಗ್ ಅಂಗಡಿ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಜಗಳ ಹತ್ತಿದ್ದು ಒರಳುಕಲ್ಲಿನಿಂದ. ಗೌರಿಹಬ್ಬದ ದಿನ ಅಮ್ಮ ಉದ್ದು ರುಬ್ಬಬೇಕು, ಚಿಕ್ಕಮ್ಮ ಕಾಯಿ ರುಬ್ಬಬೇಕು, ಕಲ್ಲು ಒಂದೇ. ಯಾರು ಯಾರ ಹಿಟ್ಟಿನ ಮೇಲೆ ನೀರು ಚೆಲ್ಲಿದರೋ ಗೊತ್ತಿಲ್ಲ. ಸಂಜೆ ಹೊತ್ತಿಗೆ ಗಂಡಸರು ಸೇರಿಕೊಂಡರು, ಎಂದೋ ಆಗಿ ಹೋದದ್ದನ್ನೆಲ್ಲ ಎತ್ತಿ ಆಡಿದರು, ಯುಗಾದಿಗೆ ಮೊದಲು ಗೋಡೆಯೇ ಎದ್ದಿತು. ಗೋಡೆಗೆ ಬಾಗಿಲಿಡಲಿಲ್ಲ. ಅಪ್ಪ ಮುಂದಿನ ಪಾಲು, ಚಿಕ್ಕಪ್ಪ ಹಿಂದಿನ ಪಾಲು. ಇಲ್ಲಿಂದ ಅಲ್ಲಿಗೆ ಹೋಗಬೇಕಾದರೆ ಬೀದಿಗೆ ಇಳಿದು, ಮನೆಯ ಪಕ್ಕದ ಗಲ್ಲಿಯಲ್ಲಿ ನಡೆದು, ಹಿಂದಿನ ಬೀದಿಗೆ ತಿರುಗಿಕೊಂಡು ಹೋಗಬೇಕು.

ಪಾಲು ಮಾಡಲು ಬಾರದ ಎರಡು ಉಳಿದವು. ಒಂದು, ಗಲ್ಲಿಗೆ ಬಾಗಿಲಿದ್ದ ಬಚ್ಚಲುಮನೆ. ಅದರಲ್ಲಿ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಪಕ್ಕದಲ್ಲಿ ಸೌದೆ ಒಟ್ಟುವಷ್ಟು ಜಾಗ. ನಾವು ಎಂಟು ಗಂಟೆಯೊಳಗೆ ಸ್ನಾನ ಮುಗಿಸಬೇಕು, ಅವರು ಆಮೇಲೆ. ಇನ್ನೊಂದು ಅಜ್ಜಿ. ಅಜ್ಜಿಗೆ ತಿಂಗಳ ಪಾಳಿ ಗೊತ್ತು ಮಾಡಿದರು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ನಮ್ಮಲ್ಲಿ, ಮುಂದಿನ ಅಮಾವಾಸ್ಯೆಯವರೆಗೆ ಅಲ್ಲಿ. ಪಾಳಿಯ ದಿನ ಅವಳ ತಗಡಿನ ಪೆಟ್ಟಿಗೆಯ ಒಂದು ಹಿಡಿ ಅವಳ ಕೈಯಲ್ಲಿ, ಇನ್ನೊಂದು ಹಿಡಿ ನನ್ನ ಕೈಯಲ್ಲಿ. ಗಲ್ಲಿಯ ನಡುವೆ ಪೆಟ್ಟಿಗೆ ಇಳಿಸಿ, ಬಚ್ಚಲ ಮೆಟ್ಟಿಲ ಮೇಲೆ ಕೂತು, ಅಜ್ಜಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಅಷ್ಟು ಹೊತ್ತು ಅವಳು ಯಾರ ಮನೆಯಲ್ಲೂ ಇರುತ್ತಿರಲಿಲ್ಲ. ಅವಳ ಮುಖ ಆಗ ಎಷ್ಟು ಹಗುರಾಗುತ್ತಿತ್ತು ಎನ್ನುವುದು ನನಗೆ ಕಾಣುತ್ತಿತ್ತು, ಅರ್ಥವಾಗುತ್ತಿರಲಿಲ್ಲ.

ನಾನು ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದವಳು. ಅವಳ ಸೀರೆಯ ಹರಳೆಣ್ಣೆ, ಸೀಗೆಪುಡಿಯ ವಾಸನೆ ಇಲ್ಲದೆ ನನಗೆ ಕಣ್ಣು ಮುಚ್ಚುತ್ತಿರಲಿಲ್ಲ. ಅವಳು ಆಚೆ ಹೋದ ತಿಂಗಳು ನಾನು ಮನೆಯೊಳಗೆ ಸುತ್ತುತ್ತಿದ್ದೆ. ಗೋಡೆಗೆ ಕಿವಿ ಇಟ್ಟರೆ ಆ ಕಡೆ ಅವಳು ಕೆಮ್ಮುವುದು ಕೇಳುತ್ತಿತ್ತು. ಈ ಕಡೆಯಿಂದ ನಾನೂ ಕೆಮ್ಮುತ್ತಿದ್ದೆ. ಅಮ್ಮ ಕಷಾಯ ಕುದಿಸಿ ಕುಡಿಸುತ್ತಿದ್ದಳು. ನಮ್ಮ ಮನೆಯಲ್ಲಿದ್ದಾಗಲೂ ಅಜ್ಜಿ ಒಂದು ಸೀರೆಯನ್ನು ಕೂಡ ಹಗ್ಗದ ಮೇಲೆ ಬಿಡುತ್ತಿರಲಿಲ್ಲ. ಒಣಗಿದ ಕೂಡಲೇ ಮಡಿಸಿ ಪೆಟ್ಟಿಗೆಗೆ ಸೇರಿಸುತ್ತಿದ್ದಳು. ಊಟಕ್ಕೆ ಕರೆಯುವವರೆಗೆ ಅಡುಗೆಮನೆಯ ಕಡೆ ಸುಳಿಯುತ್ತಿರಲಿಲ್ಲ. ಅಮ್ಮ ಮುದ್ದೆ ಇಟ್ಟು ಉಪ್ಪೆಸರು ಬಿಡುವಳು. ಒಂದು ಮುದ್ದೆ ಮುಗಿಯುತ್ತಲೇ ಅಜ್ಜಿ ತಟ್ಟೆಗೆ ಅಡ್ಡಲಾಗಿ ಕೈ ಹಿಡಿಯುವಳು.

"ಇನ್ನೊಂದ್ ಇಕ್ತೀನಿ ಅತ್ತೆ," ಎನ್ನುವಳು ಅಮ್ಮ.

"ಸಾಕು ಕಣವ್ವ. ವಯ್ಸಾದ್ ಹೊಟ್ಟೆ, ಎಷ್ಟ್ ಹಿಡಿತದೆ?"

ಆಚೆ ಮನೆಯಲ್ಲಿ ಎರಡು ಉಣ್ಣುತ್ತಾರೆ, ನಮ್ಮಲ್ಲಿ ಒಂದಕ್ಕೇ ಕೈ ತೊಳೆಯುತ್ತಾರೆ ಎಂದು ಅಮ್ಮನಿಗೆ ಗುಮಾನಿ. ಆಚೆ ಚಿಕ್ಕಮ್ಮನಿಗೂ ಅದೇ ಗುಮಾನಿ. ಎರಡು ಕಡೆಯೂ ಉಂಡ ನನಗೆ ಮಾತ್ರ ಗೊತ್ತಿತ್ತು, ಅಲ್ಲಿಯೂ ಒಂದೇ, ಅಲ್ಲಿಯೂ ಅದೇ ಕೈ, ಅದೇ ಮಾತು.

ಹೊಟ್ಟೆ ಸಣ್ಣದಾಗಿದ್ದರೆ ಅಜ್ಜಿಗೆ ಹಾಗೆ ದುಡಿಯಲು ಆಗುತ್ತಿರಲಿಲ್ಲ. ಅವಳದು ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಹಾಕುವ ಕೆಲಸ. ವೈದ್ಯನಾಥಪುರದ ಕಡೆಯಿಂದ ಮದುವೆಯಾಗಿ ಬಂದಾಗ ಅತ್ತೆಯಿಂದ ಕಲಿತದ್ದಂತೆ. ಕಾಲು ನೀಡಿ ಕೂತು, ಎರಡು ಕಾಲಿನ ನಡುವೆ ಕೂಸನ್ನು ಮಲಗಿಸಿಕೊಂಡು, ಬಿಸಿನೀರನ್ನು ಮೊಣಕೈಯಲ್ಲಿ ಮುಟ್ಟಿ ನೋಡಿ ಹುಯ್ಯುತ್ತಿದ್ದಳು. ಮುಂದಿನ ಬೀದಿಯಲ್ಲಿ ಮೇಷ್ಟರು, ಆಫೀಸಿನವರು, ದೇವಸ್ಥಾನದ ಅಯ್ನೋರ ಮನೆ. ಅಲ್ಲಿ ಹಿತ್ತಲ ಬಾಗಿಲಿಂದ ಕರೆದು, ಕೆಲಸವಾದ ಮೇಲೆ ಅಲ್ಲೇ ಎಲೆ ಹಾಕಿ ಬಡಿಸುತ್ತಿದ್ದರು. ಹಿಂದಿನ ಬೀದಿಯಲ್ಲಿ ಗ್ಯಾರೇಜು, ಪಂಕ್ಚರ್ ಅಂಗಡಿ, ಬಳೆಯವರು, ದರ್ಜಿಗಳು, ಮಸೀದಿಯ ಪಕ್ಕ ಮೆಕ್ಯಾನಿಕ್ ರಹೀಮ್ ಸಾಬರ ಮನೆ. ಅಲ್ಲಿ ಮುಂಬಾಗಿಲಿಂದಲೇ ಒಳಗೆ ಹೋಗಿ ಚಾ ಕುಡಿದು ಬರುತ್ತಿದ್ದಳು. ರಜೆಯ ದಿನ ಎಣ್ಣೆ ಬಟ್ಟಲು ಹಿಡಿದು ನಾನೂ ಹಿಂದೆ ಹೋಗುತ್ತಿದ್ದೆ. ಒಂದು ಬೀದಿಯಿಂದ ಇನ್ನೊಂದಕ್ಕೆ ತಿರುಗುವಷ್ಟರಲ್ಲಿ ಗಂಟೆಯ ಸದ್ದು ಹೋಗಿ ಸುತ್ತಿಗೆ ಸದ್ದು ಬರುತ್ತಿತ್ತು, ಅಗರಬತ್ತಿ ಹೋಗಿ ಗ್ರೀಸು. ಎರಡರ ಮೇಲೂ ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಯ ಬೆಲ್ಲದಂಥ ಹುಳಿವಾಸನೆ ಸಮನಾಗಿ ಕೂರುತ್ತಿತ್ತು. ಎರಡು ಬೀದಿಯ ಮಕ್ಕಳ ಬೆನ್ನಿನ ಮಚ್ಚೆಗಳೂ ಅಜ್ಜಿಗೆ ಬಾಯಿಪಾಠ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಮತದಾರರ ಪಟ್ಟಿಗೆ ಹೊಸದಾಗಿ ಹೆಸರು ಬರೆಸಿ ಎಂದು ಮನೆಮನೆಗೆ ಫಾರಂ ಕೊಟ್ಟು ಹೋದರು. ಎರಡು ಮನೆಗೂ ಅಕ್ಷರ ಚೆನ್ನಾಗಿದ್ದವಳು ನಾನೊಬ್ಬಳೇ. ಈ ಮನೆಯಲ್ಲಿ ಉಂಡು ಮಲಗುವ ದೊಡ್ಡವರ ಹೆಸರೆಲ್ಲ ಬರಿ ಎಂದು ಅಪ್ಪ ಆಷಾಢದಲ್ಲಿ ಕೂರಿಸಿದ. ಅಜ್ಜಿ ನಮ್ಮಲ್ಲೇ ಇದ್ದಳು. ಬರೆದೆ: ಪುಟ್ಟತಾಯಮ್ಮ. ಚಿಕ್ಕಪ್ಪ ಫಾರಮ್ಮನ್ನು ಅಂಗಡಿಯಲ್ಲಿ ಎಲ್ಲೋ ಸಿಕ್ಕಿಸಿ ಮರೆತು, ಶ್ರಾವಣದಲ್ಲಿ ಹುಡುಕಿ ತಂದು ನನ್ನನ್ನೇ ಕರೆದ. ಆಗ ಅಜ್ಜಿ ಅವರ ಪಾಳಿಯಲ್ಲಿದ್ದಳು, ನನ್ನ ಎದುರಿಗೇ ಕೂತು ಹುರುಳಿಕಾಳು ಆರಿಸುತ್ತಿದ್ದಳು. ಕಣ್ಣೆದುರು ಇರುವವಳನ್ನು ಬಿಡುವುದು ಹೇಗೆ? ಅಲ್ಲಿಯೂ ಬರೆದೆ. ತಪ್ಪು ಮಾಡುತ್ತಿದ್ದೇನೆ ಎಂಬ ಸಣ್ಣ ಅನುಮಾನವೂ ಬರಲಿಲ್ಲ. ಅಜ್ಜಿಗೆ ಎರಡು ಮನೆ ಎನ್ನುವುದು ನನಗೆ ಸೂರ್ಯ ಮೂಡುವಷ್ಟು ನಿಜ.

ಅದರ ಹಿಂದೆಯೇ ನಗರಸಭೆಯವರು ವಾರ್ಡುಗಳನ್ನು ಹೊಸದಾಗಿ ವಿಂಗಡಿಸಿದರು. ಬಾಗಿಲು ಯಾವ ಬೀದಿಗೋ ಆ ಬೀದಿಯ ವಾರ್ಡು. ಹಾಗಾಗಿ ನಮ್ಮ ಅಡುಗೆಮನೆ ಒಂದು ವಾರ್ಡು, ಗೋಡೆಯಾಚೆಯ ಚಿಕ್ಕಪ್ಪನ ಅಡುಗೆಮನೆ ಇನ್ನೊಂದು ವಾರ್ಡು ಆಯಿತು. ಎರಡು ತಿಂಗಳಿಗೆ ಚುನಾವಣೆ ಬಂತು. ಹಿಂದಿನ ವಾರ್ಡಿಗೆ ಚಿಕ್ಕಪ್ಪ ನಿಂತ. ಎದುರಿಗೆ ನಿಂತವರು ಟೈಲ್ಸ್ ಅಂಗಡಿಯವರು. ಚಿಕ್ಕಪ್ಪ ಅಜ್ಜಿಯನ್ನು ಮುಂದಿಟ್ಟುಕೊಂಡು ಮನೆಮನೆ ತಿರುಗಿದ. ನಿಮಗೆ ನೀರು ಹುಯ್ದ ಕೈ ಇದು ಎಂದು ಅಜ್ಜಿಯ ಕೈಯನ್ನೇ ಎತ್ತಿ ತೋರಿಸುತ್ತಿದ್ದ. ಅಜ್ಜಿ ನಾಚಿಕೆಯಿಂದ ಕೈ ಎಳೆದುಕೊಂಡು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ನನಗೆ ಚಿಕ್ಕಪ್ಪನ ಮೇಲೆ ಸಿಟ್ಟು ಬರುತ್ತಿತ್ತು. ಆದರೆ ಮೆರವಣಿಗೆಯ ತಮಟೆಗೆ ಕುಣಿದವಳೂ ನಾನೇ.

ಒಂದು ಸಂಜೆ ನನ್ನ ಕ್ಲಾಸ್ ಟೀಚರು ಸರಸ್ವತಿ ಮೇಡಂ ನಮ್ಮ ಜಗಲಿಗೆ ಬಂದು ಕೂತರು. ಪಟ್ಟಿಯ ತಕರಾರು ವಿಚಾರಿಸುವ ಕೆಲಸ ಅವರ ಪಾಲಿಗೆ ಬಿದ್ದಿತ್ತು. ಪುಟ್ಟತಾಯಮ್ಮ ಎರಡು ವಾರ್ಡಿನಲ್ಲಿದ್ದಾರೆ ಎಂದು ಟೈಲ್ಸ್ ಅಂಗಡಿಯವರು ಬರೆದು ಕೊಟ್ಟಿದ್ದರು. ಮೇಡಂ ಎರಡು ಫಾರಮ್ಮನ್ನೂ ಜೋಡಿಸಿ ಹಿಡಿದು ನನ್ನ ಮುಖ ನೋಡಿದರು.

"ಎರಡೂ ನಿನ್ನ ಅಕ್ಷರ ತಾನೇ ಭಾಗ್ಯ?"

ಹೌದು ಎಂದು ಕತ್ತು ಆಡಿಸಿದೆ.

"ಹೆದರಬೇಡ. ಬೇಕಂತ ಮಾಡಿದ್ದಲ್ಲ ಅಂತ ನಾನು ಬರೀತೀನಿ," ಎಂದು ಅಪ್ಪನ ಕಡೆ ತಿರುಗಿದರು. "ಆದ್ರೆ ಒಂದು ಹೆಸರು ಹೊಡೆದುಹಾಕ್ಲೇಬೇಕು. ಸೋಮವಾರ ಬರ್ತೀನಿ. ತಮ್ಮ ಮನೆ ಯಾವುದು ಅಂತ ಅವರೇ ಬಾಯಿಬಿಟ್ಟು ಹೇಳ್ಬೇಕು. ಎಲ್ಲಿ ಉಂಡು ಮಲಗ್ತಾರೋ ಅದೇ ಮನೆ."

ನಡುವೆ ಇದ್ದದ್ದು ನಾಲ್ಕೇ ದಿನ. ಗಂಡಸರು ಅಷ್ಟು ವರ್ಷ ಮಾತಾಡದಿದ್ದವರು ಗಲ್ಲಿಯಲ್ಲಿ ಎದುರಾದಾಗ ಬಾಯಿ ಬಿಟ್ಟರು.

"ಹಿರೀಮಗನ್ ಮನೆ ಅಂತ್ಲೇ ಯೇಳ್ತಾಳೆ ಅವ್ವ. ನೀನ್ ಆಸೆ ಬುಡು," ಎಂದ ಅಪ್ಪ.

"ನಿನಗೇನ್ ಅವಳ್ ಓಟು ಬೇಕಾಗೈತಾ ಅಣ್ಣಯ್ಯ? ನಾನು ನಿಂತಿವ್ನಿ. ಎತ್ತವ್ವನೇ ಆಚೆ ವಾರ್ಡು ಅಂದ್ರೆ ಜನ ಉಗೀತಾರೆ ಕಣೋ!"

"ಅಂಗಂತ ಗೋಡೆ ಕಟ್ಟೋವಾಗ ಗೊತ್ತಿರಲಿಲ್ವಾ?"

ಹೆಂಗಸರು ಬೇರೆ ದಾರಿ ಹಿಡಿದರು. ಅದು ಚಿಕ್ಕಪ್ಪನ ಪಾಳಿಯ ತಿಂಗಳು. ಚಿಕ್ಕಮ್ಮ ಕಜ್ಜಾಯ ಸುಟ್ಟಳು, ಅಜ್ಜಿಗೆ ಕಿಟಕಿಯ ಪಕ್ಕ ಮಂಚ ಹಾಕಿದಳು. ಅಮ್ಮ ಗಲ್ಲಿಯಲ್ಲಿ ಕಾದು ನಿಂತು ಹೊಸ ರವಿಕೆಯ ಅಳತೆ ತೆಗೆದುಕೊಂಡಳು. ರಹೀಮ್ ಸಾಬರ ಮನೆಯಿಂದ ಹಿಡಿದು ಅಯ್ನೋರ ಮನೆಯವರೆಗೆ ಇದೇ ಮಾತು, ಅಜ್ಜಿ ಯಾವ ಮಗನನ್ನು ಹಿಡಿಯುತ್ತಾಳೆ, ಯಾವ ಮಗನನ್ನು ಬಿಡುತ್ತಾಳೆ. ಮಕ್ಕಳಿಗೆ ನೀರು ಹಾಕಿಸಲು ಕರೆದವರೂ ಮೊದಲು ಅದನ್ನೇ ಕೇಳುತ್ತಿದ್ದರು. ಅಜ್ಜಿ ನೀರು ಬಿಸಿಯಾಗಿದೆಯೋ ಇಲ್ಲವೋ ಎಂದು ಮಾತ್ರ ಕೇಳುತ್ತಿದ್ದಳು. ನನಗೆ ಶಾಲೆಯಲ್ಲಿ ಕೂರಲಾಗುತ್ತಿರಲಿಲ್ಲ, ಮನೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅವಳು ಆ ಮನೆ ಎಂದುಬಿಟ್ಟರೆ ಇನ್ನು ಪಾಳಿಯೂ ಇಲ್ಲ, ಮಗ್ಗುಲೂ ಇಲ್ಲ. ಇಷ್ಟಕ್ಕೆಲ್ಲ ಕಾರಣ ನನ್ನ ಮುತ್ತಿನಂಥ ಅಕ್ಷರ. ಭಾನುವಾರ ಮಧ್ಯಾಹ್ನ ಬಚ್ಚಲ ಮೆಟ್ಟಿಲ ಮೇಲೆ ಅವಳು ಒಬ್ಬಳೇ ಸಿಕ್ಕಿದಳು.

"ಅಜ್ಜಿ, ನಮ್ಮನೆ ಅಂತ ಹೇಳು. ನಿನ್ ದಮ್ಮಯ್ಯ," ಎಂದು ಮೊಣಕಾಲು ಹಿಡಿದುಕೊಂಡೆ.

"ನಿಮ್ಮನೆ ಅಂತ ನೀನೇ ಯೇಳ್ತಾ ಇದ್ದೀಯಲ್ಲ ಮಗ."

"ಅಂದ್ರೆ ಅವರ ಮನೆ ಅಂತ ಹೇಳ್ತೀಯಾ?"

ಅಜ್ಜಿ ಬಾಯಿಯ ಎಲೆಯಡಿಕೆಯನ್ನು ಗಲ್ಲಿಗೆ ಉಗಿದಳು. ಹಿಂದೆ ತಿರುಗಿ ಬಚ್ಚಲೊಳಗೆ ಒಂದು ಸಲ ನೋಡಿದಳು.

"ಅವತ್ತು ಬಂದಿದ್ರಲ್ಲ ನಿನ್ ಮೇಡಮ್ಮು, ಏನಂದ್ರು? ಇನ್ನೊಂದ್ಸಲ ಯೇಳು."

"ಎಲ್ಲಿ ಉಂಡು ಮಲಗ್ತೀಯೋ ಅದೇ ನಿನ್ ಮನೆ ಅಂದ್ರು."

"ಊಂ," ಎಂದಳು. ಅಷ್ಟೇ.

ಸೋಮವಾರ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಗಲ್ಲಿಯಲ್ಲಿ ಗಲಾಟೆ. ಅಪ್ಪ ಹೆಗಲ ಮೇಲೆ ಟವೆಲು ಹಾಕಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದ. ಒಳಗೆ ಹಂಡೆ ಒಲೆಯ ಮೇಲೆ ಇರಲಿಲ್ಲ. ರಹೀಮ್ ಸಾಬರೂ ಅವರ ಮಗನೂ ಬೆಳಕು ಹರಿಯುತ್ತಲೇ ಬಂದು ಅದನ್ನು ಎತ್ತಿ ಮೂಲೆಗೆ ಇಟ್ಟು ಹೋಗಿದ್ದರಂತೆ. ಒಲೆಯ ಮೇಲೆ ಮಣ್ಣಿನ ಮಡಕೆ, ಮಡಕೆಯಲ್ಲಿ ಹುರುಳಿಕಾಳು ಕುದಿಯುತ್ತಿತ್ತು. ಸೌದೆಯ ಜಾಗ ಗುಡಿಸಿ ಸಾರಿಸಿತ್ತು. ಅಲ್ಲಿ ಚಾಪೆ, ಚಾಪೆಯ ತಲೆಕಡೆಗೆ ತಗಡಿನ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಹಗ್ಗ ಕಟ್ಟಿ ಅಜ್ಜಿಯ ಎರಡು ಸೀರೆ ಹರವಿತ್ತು. ಅವಳ ಸೀರೆ ಹಾಗೆ ನೇತಾಡುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಅವ್ವ, ಡ್ಯೂಟಿಗೆ ವೊತ್ತಾಯ್ತು. ಸ್ನಾನಕ್ಕೆ ನೀರು?" ಎಂದ ಅಪ್ಪ. ಅವನಿಗೆ ಬೇರೇನು ಕೇಳಬೇಕೋ ತೋಚಿರಲಿಕ್ಕಿಲ್ಲ.

"ಮನೇಲಿ ಕಾಯ್ಸ್ಕೊ. ಇಲ್ಲಿ ಒಬ್ರು ವಾಸ ಅವ್ರೆ," ಎಂದಳು ಅಜ್ಜಿ, ಊದುಕೊಳವೆ ಬಾಯಿಂದ ತೆಗೆಯುತ್ತ.

ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ಆ ಮನೆಯೂ ಅಲ್ಲ, ಈ ಮನೆಯೂ ಅಲ್ಲ ಎಂದ ಮೇಲೆ ಇದು ನನ್ನದೂ ಅವಳದೂ ಎಂದು ನನ್ನ ಲೆಕ್ಕ. ಮನೆಗೆ ಓಡಿ ನನ್ನ ದಿಂಬು, ಹೊದಿಕೆ, ಶಾಲೆಯ ಚೀಲ ಎಲ್ಲ ಅವಚಿಕೊಂಡು ಬರುವಷ್ಟರಲ್ಲಿ ಸರಸ್ವತಿ ಮೇಡಂ ಗಲ್ಲಿಗೆ ಬಂದಿದ್ದರು. ಅವರ ಹಿಂದೆ ಎರಡು ಬೀದಿಯ ಜನ. ಅಯ್ನೋರ ಸೊಸೆ ಕೂಸನ್ನು ಎತ್ತಿಕೊಂಡೇ ಬಂದಿದ್ದಳು. ಚಿಕ್ಕಪ್ಪ ಬಿಳಿ ಪಂಚೆ ಉಟ್ಟು, ಕೈ ಮುಗಿದುಕೊಂಡು, ಓಟು ಕೇಳುವವನ ಹಾಗೆಯೇ ನಿಂತಿದ್ದ. ಮೇಡಂ ಒಲೆ ನೋಡಿದರು, ಚಾಪೆ ನೋಡಿದರು, ಹಂಡೆ ನೋಡಿದರು. ನಗು ಬಂದದ್ದನ್ನು ಕೆಮ್ಮಿ ನುಂಗಿಕೊಂಡರು.

"ಅಜ್ಜಿ, ನಿಮ್ಮ ಮನೆ ಯಾವುದು?"

"ಇದೇ ಕಣವ್ವ. ಇಲ್ಲೇ ಉಣ್ಣೋದು, ಇಲ್ಲೇ ಮಲಗೋದು. ನೀವೇ ಅಂಗಂದ್ರಂತಲ್ಲ."

"ಇದು ಬಚ್ಚಲುಮನೆ ಅಲ್ವಾ?"

"ಒಲೆ ಐತಲ್ಲವ್ವ. ಒಲೆ ಇದ್ದ ಮ್ಯಾಲೆ ಮನೆ."

ಮೇಡಂ ಕೈಯಲ್ಲಿದ್ದ ನಕ್ಷೆ ಬಿಚ್ಚಿದರು. ಗಲ್ಲಿಗೆ ಬಾಗಿಲಿರುವುದೆಲ್ಲ ಮುಂದಿನ ಬೀದಿಯ ವಾರ್ಡಿಗೆ ಸೇರುತ್ತದೆ ಎಂದರು. ಚಿಕ್ಕಪ್ಪನ ಮುಖ ಇಳಿಯಿತು.

"ಅಂಗಾದ್ರೆ ನಿನ್ ಓಟು ನನಗಿಲ್ವಾ ಅವ್ವ?"

"ಊರ್ನೋರ್ ಓಟೆಲ್ಲ ಕೇಳು ಓಗ್ಲಾ, ಆಕಿದ್ರೆ ಆಕ್ತಾರೆ. ನಂದು ನಿಮ್ಮಿಬ್ರ ಗೋಡೆ ಮ್ಯಾಲೆ ಕುಂತು ಕುಂತು ಸವ್ದೋಗದೆ." ಅಪ್ಪನ ಮುಖದಲ್ಲಿ ಅರಳಿದ್ದ ಗೆಲುವನ್ನೂ ಅವಳು ನೋಡಿದಳು. "ನೀನೂ ಇಗ್ಗಬೇಡ. ನಿನ್ ಮನೆಗೂ ಬಂದಿಲ್ಲ ನಾನು."

ಯಾರೋ ಕಿಸಕ್ಕೆಂದರು. ಇಬ್ಬರು ಗಂಡುಮಕ್ಕಳೂ ಒಂದೇ ರೀತಿ ತಲೆ ತಗ್ಗಿಸಿ ನಿಂತರು. ಗೋಡೆ ಎದ್ದ ಮೇಲೆ ಅವರಿಬ್ಬರೂ ಅಣ್ಣತಮ್ಮಂದಿರ ಹಾಗೆ ಕಂಡದ್ದು ಅದೇ ಮೊದಲು. ಮೇಡಂ ಹೊಸದೊಂದು ಫಾರಂ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಈ ಮನೇಲಿ ಎಷ್ಟು ಜನ ಅಜ್ಜಿ?"

ನಾನು ದಿಂಬು ಅವಚಿಕೊಂಡು ಇನ್ನೊಂದು ಹೆಜ್ಜೆ ಮುಂದೆ ಬಂದೆ. ಓಟಿನ ವಯಸ್ಸು ನನ್ನದಲ್ಲ ಎನ್ನುವುದು ಗೊತ್ತಿತ್ತು. ಆದರೂ ಎಣಿಸುವಾಗ ಎಣಿಸುತ್ತಾರೆ ಎಂದುಕೊಂಡಿದ್ದೆ. ಅಜ್ಜಿ ನನ್ನನ್ನು ನೋಡಿದಳು. ದಿಂಬನ್ನೂ ನೋಡಿದಳು. ಅವಳ ಕಣ್ಣಲ್ಲಿ ಪ್ರೀತಿ ಇರಲಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ.

"ಒಬ್ಳೆ," ಎಂದಳು. "ಒಬ್ಳೆ ಅಂತ ಬರ್ಕೊಳವ್ವ."

ಮೇಡಮ್ಮಿಗೆ ಏನನ್ನಿಸಿತೋ, ಪೆನ್ನನ್ನು ನನ್ನ ಕಡೆ ಚಾಚಿದರು. ದಿಂಬನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಾನೇ ಬರೆದೆ. ಮನೆಯ ಯಜಮಾನರು, ಪುಟ್ಟತಾಯಮ್ಮ. ಜನ, ಒಂದು. ಅಕ್ಷರ ಮೊದಲ ಸಲ ಸೊಟ್ಟಗಾಯಿತು.

ಆ ದಿನವೆಲ್ಲ ನಾನು ನಮ್ಮ ಮನೆಯಲ್ಲಿ ಮುಖ ಊದಿಸಿಕೊಂಡು ಕೋಣೆಯಿಂದ ಕೋಣೆಗೆ ಸುತ್ತಿದೆ. ಮಧ್ಯಾಹ್ನ ಉಣ್ಣಲಿಲ್ಲ. ಅಳು ಬಂದಾಗ ಗೋಡೆಗೆ ಕಿವಿ ಇಡಲು ಹೋದೆ, ಆಚೆ ಕಡೆ ಕೆಮ್ಮುವವರು ಯಾರೂ ಇರಲಿಲ್ಲ. ಇನ್ನು ಯಾವ ತಿಂಗಳೂ ಇರುವುದಿಲ್ಲ ಎಂದು ಆಗ ಹೊಳೆಯಿತು. ದೀಪ ಹಚ್ಚುವ ಹೊತ್ತಿಗೆ ತಡೆಯಲಾರದೆ ಗಲ್ಲಿಗೆ ಹೋದೆ. ಹೊಸ್ತಿಲ ಹೊರಗೇ ನಿಂತೆ. ಒಳಗೆ ಹೋಗುವುದೋ ಬೇಡವೋ ತಿಳಿಯಲಿಲ್ಲ. ಅಜ್ಜಿ ಒಲೆಯ ಮುಂದೆ ಮುದ್ದೆ ಕಟ್ಟುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು, ಕೈ ತೊಳೆದು, ಪೆಟ್ಟಿಗೆಯ ಹಿಂದೆ ಸುತ್ತಿಟ್ಟಿದ್ದ ಚಾಪೆಯೊಂದನ್ನು ತೆಗೆದು ಹಾಸಿದಳು. ಅದು ಅವಳು ಮಲಗುವ ಚಾಪೆಯಲ್ಲ, ಅಂಚಿಗೆ ಕೆಂಪು ಇದ್ದ ಹೊಸ ಚಾಪೆ.

"ಬಾ ಮಗ. ಕುಂತ್ಕೊ. ಉಂಡ್ಕೊಂಡ್ ಓಗಿವಂತೆ."

ನನಗೆ ಕಾಲು ತೊಳೆಯಲು ನೀರು ಕೊಟ್ಟಳು. ತಟ್ಟೆ ಇಟ್ಟಳು. ಮುದ್ದೆ ಇಟ್ಟು, ಹುರುಳಿಕಾಳಿನ ಬಸ್ಸಾರು ಬಿಟ್ಟು, ತುಪ್ಪದ ಗಿಂಡಿ ಬಗ್ಗಿಸಿ, ಎದುರಿಗೆ ಕುಕ್ಕರಗಾಲಲ್ಲಿ ಕೂತು ನಾನು ಉಣ್ಣುವುದನ್ನೇ ನೋಡಿದಳು. ಎರಡು ಮನೆಯಲ್ಲೂ ಅವಳು ಬಡಿಸಿಕೊಂಡು ಉಣ್ಣುವುದನ್ನೇ ನೋಡಿದ್ದೆ, ಬಡಿಸುವುದನ್ನು ನಾನು ನೋಡಿರಲಿಲ್ಲ. ಅವಳ ಕೈ ಎಷ್ಟು ಧಾರಾಳ ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ನಾನು ಅಂದು ಬೆಳಗಿನಿಂದ ಏನೂ ತಿಂದಿರಲಿಲ್ಲ. ಮುದ್ದೆ ಮುಗಿಯುತ್ತಲೇ ಅವಳು ಇನ್ನೊಂದನ್ನು ಎತ್ತಿಕೊಂಡು ಬಗ್ಗಿದಳು.

"ಇಕ್ಲಾ?"

ಹೊಟ್ಟೆ ಇನ್ನೂ ಅರ್ಧ ಹಸಿದಿತ್ತು. ಆದರೆ ನನ್ನ ಕೈ ತಾನಾಗಿಯೇ ತಟ್ಟೆಗೆ ಅಡ್ಡ ಹೋಯಿತು.

"ಸಾಕು ಕಣಜ್ಜಿ," ಎಂದೆ.

ಅಜ್ಜಿ ಮುದ್ದೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈಯನ್ನು ತನ್ನ ಇನ್ನೊಂದು ಕೈಯಿಂದ ಮೆಲ್ಲಗೆ ಸರಿಸಿ, ಮುದ್ದೆಯನ್ನು ಇಟ್ಟೇಬಿಟ್ಟಳು.